ಸಕಾಲದ ಕಿಡಿ

೧೮೮೮ನೆಯ ಇಸವಿಯ ಆಗಸ್ಟ್ ತಿಂಗಳ ಒಂದು ಮುಂಜಾನೆ. ಜರ್ಮನಿಯ ಮಾನ್‌ಹೈಮ್ ನಗರದಿಂದ ಮೂರು ಗಾಲಿಗಳ ವಿಚಿತ್ರ ವಾಹನವೊಂದು ಸದ್ದು ಮಾಡುತ್ತ ಹೊರಟಿತು. ಅದನ್ನು ಎಳೆಯಲು ಕುದುರೆಗಳಿರಲಿಲ್ಲ. ಅದರಲ್ಲಿ ಕುಳಿತಿದ್ದವರು ಬರ್ತಾ ಬೆಂಝ್ ಎಂಬ ಮಹಿಳೆ ಮತ್ತು ಆಕೆಯ ಇಬ್ಬರು ಹದಿಹರೆಯದ ಗಂಡುಮಕ್ಕಳು. ವಾಹನವನ್ನು ನಿರ್ಮಿಸಿದವನು ಆಕೆಯ ಪತಿ ಕಾರ್ಲ್ ಬೆಂಝ್. ಸುಮಾರು ನೂರು ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತನ್ನ ತವರಿಗೆ ಆಕೆ ಹೊರಟಿದ್ದಳು. ಪೆಟ್ರೋಲಿನಿಂದ ಓಡುವ ಇಂತಹ ಗಾಡಿಯನ್ನು ನಂಬಿ ಅಷ್ಟು ದೂರ ಯಾರೂ ಪ್ರಯಾಣ ಮಾಡದಿದ್ದ ಕಾಲವದು. ದಾರಿಯಲ್ಲಿ ಹಲವು ಅಡಚಣೆಗಳು ಎದುರಾದವು. ಅವುಗಳಲ್ಲಿ ಒಂದು, ಎಂಜಿನ್ನಿಗೆ ಕಿಡಿಯನ್ನು ಒದಗಿಸುವ ತಂತಿಯ ಮೇಲ್ಹೊದಿಕೆ ಸವೆದುಹೋದದ್ದು. ಬರಿದಾದ ತಂತಿಯಿಂದ ವಿದ್ಯುತ್ತು ಅಡ್ಡದಾರಿ ಹಿಡಿದರೆ ಕಿಡಿಯಿಲ್ಲ, ಕಿಡಿಯಿಲ್ಲದಿದ್ದರೆ ಚಲನೆಯಿಲ್ಲ. ಆ ಧೀರ ಮಹಿಳೆ ತನ್ನ ಕಾಲುಚೀಲವನ್ನು ಬಿಗಿದಿದ್ದ ಪಟ್ಟಿಯನ್ನೇ ಬಿಚ್ಚಿ ತಂತಿಗೆ ಸುತ್ತಿದಳೆಂದು ಹೇಳುತ್ತಾರೆ. ವಾಹನ ಮತ್ತೆ ಹೊರಟಿತು. ಸಂಜೆಯ ಹೊತ್ತಿಗೆ ಅವರು ಊರು ಸೇರಿದರು.

ಈ ಪುಟ್ಟ ಘಟನೆ ಒಂದು ದೊಡ್ಡ ಸತ್ಯವನ್ನು ತಿಳಿಸುತ್ತದೆ. ಪೆಟ್ರೋಲಿನಿಂದ ಓಡುವ ವಾಹನದಲ್ಲಿ ಕಬ್ಬಿಣದ ಭಾಗಗಳು ಎಷ್ಟೇ ಭದ್ರವಾಗಿರಲಿ, ಇಂಧನ ಎಷ್ಟೇ ತುಂಬಿರಲಿ, ಕಣ್ಣಿಗೆ ಕಾಣದಷ್ಟು ಹೊತ್ತು ಮಿಂಚಿ ಮರೆಯಾಗುವ ಕಿಡಿಯೊಂದು ಇಲ್ಲದೆ ಅವೆಲ್ಲವೂ ನಿರರ್ಥಕ. ಆ ಕಿಡಿಯನ್ನು ಹುಟ್ಟಿಸಿ, ತಕ್ಕ ಸ್ಥಳಕ್ಕೆ ತಕ್ಕ ಕ್ಷಣದಲ್ಲಿ ತಲುಪಿಸುವ ಏರ್ಪಾಡಿಗೆ ಇಗ್ನಿಷನ್ ವ್ಯವಸ್ಥೆಯೆಂದು ಹೆಸರು.

ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಎಂಬ ಕೊಂತವು ಮೇಲಕ್ಕೂ ಕೆಳಕ್ಕೂ ಚಲಿಸುತ್ತಿರುತ್ತದೆ. ಅದು ಮೊದಲು ಕೆಳಗಿಳಿಯುವಾಗ ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮೇಲೇರುವಾಗ ಆ ಮಿಶ್ರಣವನ್ನು ಒತ್ತಿ ಹಿಡಿಯುತ್ತದೆ. ಆಗ ಕಿಡಿ ಹಾರಿ ಮಿಶ್ರಣ ಹೊತ್ತಿಕೊಂಡು, ಹಿಗ್ಗಿದ ಬಿಸಿ ಅನಿಲವು ಪಿಸ್ಟನ್ನನ್ನು ಬಲವಾಗಿ ಕೆಳಕ್ಕೆ ತಳ್ಳುತ್ತದೆ. ಕೊನೆಯದಾಗಿ ಮೇಲೇರುವ ಪಿಸ್ಟನ್ ಸುಟ್ಟ ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕು ನಡೆಗಳು ಮುಗಿಯುವಷ್ಟರಲ್ಲಿ ಎಂಜಿನ್ನಿನ ದಂಡವು ಎರಡು ಸುತ್ತು ತಿರುಗಿರುತ್ತದೆ. ನಾಲ್ಕು ನಡೆಗಳಲ್ಲಿ ಶಕ್ತಿಯನ್ನು ಕೊಡುವುದು ಒಂದೇ ಒಂದು. ಅದಕ್ಕೆ ಕಾರಣವಾದುದು ಕಿಡಿ.

ನಾಲ್ಕು ಸಿಲಿಂಡರುಗಳ ಎಂಜಿನ್ ನಿಮಿಷಕ್ಕೆ ೩೦೦೦ ಸುತ್ತು ತಿರುಗುತ್ತಿದೆಯೆಂದು ಭಾವಿಸೋಣ. ಸುತ್ತೊಂದಕ್ಕೆ ಎರಡು ಕಿಡಿಗಳಂತೆ ನಿಮಿಷಕ್ಕೆ ೬೦೦೦, ಅಂದರೆ ಸೆಕೆಂಡಿಗೆ ೧೦೦ ಕಿಡಿಗಳು ಬೇಕು. ಅವುಗಳಲ್ಲಿ ಪ್ರತಿಯೊಂದೂ ಗೊತ್ತಾದ ಕ್ಷಣದಲ್ಲಿಯೇ ಹಾರಬೇಕು. ಕಿಡಿ ತಗುಲಿದೊಡನೆ ಮಿಶ್ರಣವೆಲ್ಲವೂ ಒಮ್ಮೆಲೇ ಉರಿದುಬಿಡುವುದಿಲ್ಲ. ಒಣಹುಲ್ಲಿನ ಬಣವೆಯ ಒಂದು ಮೂಲೆಗೆ ಹತ್ತಿದ ಬೆಂಕಿ ಕ್ರಮವಾಗಿ ಹರಡುವಂತೆ, ಇಲ್ಲಿಯೂ ಜ್ವಾಲೆ ಹರಡಲು ಕೊಂಚ ಕಾಲ ಹಿಡಿಯುತ್ತದೆ. ಆ ಕಾಲ ಸೆಕೆಂಡಿನ ಒಂದೆರಡು ಸಾವಿರಾಂಶದಷ್ಟು ಮಾತ್ರ. ಆದರೆ ಮೇಲೆ ಹೇಳಿದ ವೇಗದಲ್ಲಿ ಸೆಕೆಂಡಿನ ಎರಡು ಸಾವಿರಾಂಶದೊಳಗೆ ದಂಡವು ೩೬ ಡಿಗ್ರಿಗಳಷ್ಟು ತಿರುಗಿಬಿಡುತ್ತದೆ! ಆದಕಾರಣ ಪಿಸ್ಟನ್ ತುದಿ ಮುಟ್ಟುವುದಕ್ಕೆ ಮುಂಚೆಯೇ ಕಿಡಿ ಹಾರಬೇಕು. ವೇಗ ಹೆಚ್ಚಿದಂತೆ ಇನ್ನೂ ಮುಂಚಿತವಾಗಿ ಹಾರಬೇಕು; ವೇಗ ತಗ್ಗಿದಾಗ ತುದಿಯ ಸಮೀಪಕ್ಕೆ ಸರಿಯಬೇಕು.

ಈ ಕಾಲನಿಯಮ ತಪ್ಪಿದರೆ ಆಗುವ ಅನಾಹುತವನ್ನು ಮೊದಲಿನ ವಾಹನ ಚಾಲಕರು ತಮ್ಮ ಮೈಮೇಲೆಯೇ ಅನುಭವಿಸಿದರು. ಅಂದಿನ ಕಾರುಗಳ ಎಂಜಿನ್ನನ್ನು ಮುಂಭಾಗದಲ್ಲಿ ಕಬ್ಬಿಣದ ಹಿಡಿಯನ್ನು ತೂರಿಸಿ ಕೈಯಿಂದ ತಿರುಗಿಸಿ ಚಾಲನೆಗೊಳಿಸಬೇಕಾಗಿತ್ತು. ಕಿಡಿಯ ಕಾಲವನ್ನು ಹಿಂದು ಮುಂದು ಮಾಡಲು ಚಾಲಕನ ಕೈಯ ಬಳಿ ಒಂದು ಸನ್ನೆಗೋಲಿರುತ್ತಿತ್ತು. ಹಿಡಿಯನ್ನು ತಿರುಗಿಸುವ ಮೊದಲು ಕಿಡಿಯನ್ನು ತಡವಾಗುವಂತೆ ಇರಿಸುವುದನ್ನು ಆತ ಮರೆತರೆ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಮಿಶ್ರಣ ಸ್ಫೋಟಿಸಿ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಕಬ್ಬಿಣದ ಹಿಡಿ ಕೈಗೆ ಅಪ್ಪಳಿಸಿ ಮಣಿಕಟ್ಟಿನ ಬಳಿ ಮೂಳೆ ಮುರಿಯುತ್ತಿತ್ತು. ಇಂತಹ ಗಾಯ ಎಷ್ಟು ಸಾಮಾನ್ಯವಾಯಿತೆಂದರೆ ವೈದ್ಯರು ಅದಕ್ಕೆ ‘ಚಾಲಕರ ಮೂಳೆಮುರಿತ’ ಎಂಬ ಅರ್ಥದ ಹೆಸರನ್ನೇ ಕೊಟ್ಟರು. ವೈದ್ಯಗ್ರಂಥಗಳಲ್ಲಿ ಆ ಹೆಸರು ಇಂದಿಗೂ ಉಳಿದಿದೆ.

ಈ ಕಷ್ಟವನ್ನು ಪರಿಹರಿಸಿದವರಲ್ಲಿ ಅಗ್ರಗಣ್ಯನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಒಹಾಯೊ ಸಂಸ್ಥಾನದ ಹಳ್ಳಿಯೊಂದರಲ್ಲಿ ೧೮೭೬ರಲ್ಲಿ ಜನಿಸಿದ ಈತ ಕೆಲವು ಕಾಲ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ದೃಷ್ಟಿದೋಷದಿಂದ ಕಾಲೇಜಿನ ವ್ಯಾಸಂಗ ನಡುವೆ ನಿಂತರೂ ಛಲಬಿಡದೆ ಮತ್ತೆ ಸೇರಿ ೧೯೦೪ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನು ಪಡೆದನು. ಬಳಿಕ ಡೇಟನ್ ನಗರದಲ್ಲಿ ಎಡ್ವರ್ಡ್ ಡೀಡ್ಸ್ ಎಂಬ ಮಿತ್ರನ ಮನೆಯ ಹಿಂದಿನ ಕೊಟ್ಟಿಗೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ಬ್ಯಾಟರಿಯಿಂದ ನಡೆಯುವ ಹೊಸ ಇಗ್ನಿಷನ್ ವ್ಯವಸ್ಥೆಯನ್ನು ರೂಪಿಸಿದನು. ಕ್ಯಾಡಿಲಾಕ್ ಕಂಪನಿ ಅದನ್ನು ತನ್ನ ೧೯೧೦ರ ಕಾರುಗಳಿಗೆ ಅಳವಡಿಸಿತು. ೧೯೧೨ರ ಮಾದರಿಯಲ್ಲಿ ವಿದ್ಯುತ್ತಿನಿಂದಲೇ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರೂ ಬಂದಿತು. ಕೈಹಿಡಿಯ ಭಯ ಕ್ರಮೇಣ ಇಲ್ಲವಾಯಿತು.

ಕೆಟರಿಂಗ್ ತೋರಿಸಿದ ಮಾರ್ಗವು ಮುಂದೆ ಸುಮಾರು ಆರು ದಶಕಗಳ ಕಾಲ ಜಗತ್ತಿನ ಬಹುಪಾಲು ಕಾರುಗಳಲ್ಲಿ ನೆಲೆನಿಂತಿತು. ನಮ್ಮ ರಸ್ತೆಗಳಲ್ಲಿ ಓಡಾಡಿದ ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಪೆಟ್ರೋಲ್ ಎಂಜಿನ್ನುಗಳಲ್ಲಿದ್ದುದೂ ಇದೇ. ಅದರ ತತ್ತ್ವ ಸರಳವಾದುದು. ಕಾರಿನ ಬ್ಯಾಟರಿಯಲ್ಲಿ ಇರುವುದು ೧೨ ವೋಲ್ಟ್ ಮಾತ್ರ. ಒತ್ತಿಹಿಡಿದ ಮಿಶ್ರಣದ ನಡುವೆ ಪ್ಲಗ್ಗಿನ ತುದಿಗಳಲ್ಲಿ ಕಿಡಿ ಹಾರಬೇಕಾದರೆ ಹಲವು ಸಾವಿರ ವೋಲ್ಟುಗಳು ಬೇಕು. ಇದನ್ನು ಸಾಧಿಸುವುದು ಕಾಯಿಲ್ ಎಂಬ ಸುರುಳಿ. ಅದರಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ ಕೂದಲೆಳೆಯಂತಹ ತಂತಿಯ ಸಾವಿರಾರು ಸುತ್ತುಗಳೂ ಒಂದೇ ಕಬ್ಬಿಣದ ತಿರುಳಿನ ಮೇಲೆ ಇರುತ್ತವೆ. ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಹರಿವನ್ನು ಥಟ್ಟನೆ ಕಡಿದರೆ ಕ್ಷೇತ್ರ ಕುಸಿದು, ತೆಳು ತಂತಿಯಲ್ಲಿ ಇಪ್ಪತ್ತು ಸಾವಿರ ವೋಲ್ಟಿನವರೆಗೂ ವಿದ್ಯುತ್ ಒತ್ತಡ ಹುಟ್ಟಬಲ್ಲುದು. ೧೮೩೧ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯೇ ಇದು.

ಹರಿವನ್ನು ಕಡಿಯುವ ಕೆಲಸ ಡಿಸ್ಟ್ರಿಬ್ಯೂಟರ್ ಎಂಬ ಬಟ್ಟಲಿನೊಳಗೆ ನಡೆಯುತ್ತದೆ. ಅಲ್ಲಿ ‘ಪಾಯಿಂಟು’ಗಳೆಂಬ ಎರಡು ಪುಟ್ಟ ಲೋಹದ ತುಟಿಗಳಿವೆ. ನಡುವಿನ ದಂಡದ ಉಬ್ಬುಗಳು ಒಂದು ತುಟಿಯ ಹಿಮ್ಮಡಿಯನ್ನು ದೂಡಿದಾಗ ಅವು ಬೇರ್ಪಡುತ್ತವೆ. ಆ ಕ್ಷಣದಲ್ಲಿ ಕಿಡಿ ಹುಟ್ಟುತ್ತದೆ. ಬೇರ್ಪಡುವ ತುಟಿಗಳ ನಡುವೆಯೇ ಕಿಡಿ ಹಾರಿ ಅವು ಸುಡದಂತೆ ಕಂಡೆನ್ಸರ್ ಕಾಯುತ್ತದೆ. ದಂಡದ ತಲೆಯ ಮೇಲೆ ತಿರುಗುವ ರೋಟರ್, ಅಂಚೆಯವನು ಮನೆಮನೆಗೆ ಕಾಗದ ಹಂಚುವಂತೆ, ಸರದಿಯ ಪ್ರಕಾರ ಒಂದೊಂದು ಪ್ಲಗ್ಗಿಗೂ ವಿದ್ಯುತ್ತನ್ನು ಹಂಚುತ್ತದೆ.

ಇಷ್ಟು ಚತುರವಾದ ಏರ್ಪಾಡಿಗೂ ಒಂದು ದೌರ್ಬಲ್ಯವಿತ್ತು. ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುವ ಪಾಯಿಂಟುಗಳು ಕಂಡೆನ್ಸರ್ ಇದ್ದರೂ ನಿಧಾನವಾಗಿ ಸುಟ್ಟು ಗುಳಿ ಬೀಳುತ್ತಿದ್ದವು. ದಂಡಕ್ಕೆ ಉಜ್ಜುವ ಹಿಮ್ಮಡಿಯೂ ಸವೆಯುತ್ತಿತ್ತು. ಸವೆದಂತೆ ಪಾಯಿಂಟುಗಳ ನಡುವಣ ಅಂತರ ಕಿರಿದಾಗಿ, ಅವು ತೆರೆಯುವುದು ತಡವಾಗಿ, ಕಿಡಿಯೂ ತಡವಾಗುತ್ತಿತ್ತು. ಅತಿವೇಗದಲ್ಲಿ ಕಾಯಿಲ್ ತುಂಬಿಕೊಳ್ಳಲು ಸಾಕಷ್ಟು ಸಮಯ ಸಿಗದೆ ಕಿಡಿ ಬಡವಾಗುತ್ತಿತ್ತು. ಉರಿಯದೆ ಉಳಿದ ಪೆಟ್ರೋಲು ಹೊಗೆಯೊಡನೆ ಹೊರಬಿದ್ದು, ಒಡೆಯನ ಹಣವನ್ನೂ ಊರಿನ ಗಾಳಿಯನ್ನೂ ಹಾಳುಮಾಡುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದುದು ಎಲೆಕ್ಟ್ರಾನಿಕ್ ಇಗ್ನಿಷನ್. ಇದರಲ್ಲಿ ಒಂದನ್ನೊಂದು ಮುಟ್ಟುವ ಪಾಯಿಂಟುಗಳೇ ಇಲ್ಲ. ದಂಡದ ಮೇಲೆ ಕಾಂತಗಳನ್ನು ಅಡಗಿಸಿದ ಉಂಗುರವೊಂದು ತಿರುಗುತ್ತದೆ. ಪಕ್ಕದಲ್ಲಿ ಸಂವೇದಕವೊಂದು ನಿಂತು, ಕಾಂತ ಹಾದುಹೋದುದನ್ನು ಮುಟ್ಟದೆಯೇ ಅರಿಯುತ್ತದೆ. ೧೮೭೯ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ ಗುರುತಿಸಿದ ಪರಿಣಾಮವೊಂದು ಇಂತಹ ಅನೇಕ ಸಂವೇದಕಗಳಿಗೆ ಆಧಾರ. ಸಂವೇದಕ ಕೊಟ್ಟ ಸೂಚನೆಯಂತೆ ಟ್ರಾನ್ಸಿಸ್ಟರ್ ಕಾಯಿಲಿನ ವಿದ್ಯುತ್ತನ್ನು ಕಡಿಯುತ್ತದೆ. ಉಜ್ಜುವ ಭಾಗವಿಲ್ಲವಾದ್ದರಿಂದ ಸವೆತವಿಲ್ಲ. ಸವೆತವಿಲ್ಲವಾದ್ದರಿಂದ ಕಾಲ ತಪ್ಪುವುದಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ ೧೯೭೩ರ ಮಾದರಿಯ ತನ್ನ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿತು. ಆ ದಶಕದಲ್ಲಿಯೇ ಹಳೆಯ ಕಾರುಗಳ ಒಡೆಯರು ತಾವೇ ಕೊಂಡು ಜೋಡಿಸಿಕೊಳ್ಳಬಹುದಾದ ಬಿಡಿ ಸಾಧನಗಳೂ ಮಾರುಕಟ್ಟೆಗೆ ಬಂದವು. ಕೆಲವು ಸಾಧನಗಳು ಪಾಯಿಂಟುಗಳ ಜಾಗವನ್ನು ಮಾತ್ರ ತುಂಬುತ್ತವೆ. ಪಂದ್ಯದ ಕಾರುಗಳಿಗಾಗಿ ಬಂದ ಬಲಿಷ್ಠ ಸಾಧನಗಳು ವಿದ್ಯುತ್ತನ್ನು ಮೊದಲು ಕಂಡೆನ್ಸರಿನಲ್ಲಿ ಕೂಡಿಟ್ಟು, ಒಮ್ಮೆಲೇ ಕಾಯಿಲಿಗೆ ಸುರಿಯುತ್ತವೆ. ಅವುಗಳಲ್ಲಿ ಕೆಲವು, ಎಂಜಿನ್ ನಿಧಾನವಾಗಿ ತಿರುಗುವಾಗ ಒಂದರ ಬದಲು ಹಲವು ಕಿಡಿಗಳನ್ನು ಸಾಲಾಗಿ ಹಾರಿಸುತ್ತವೆ.

ಇಂತಹ ಸಾಧನವನ್ನು ಜೋಡಿಸುವುದು ಬಲದ ಕೆಲಸವಲ್ಲ, ತಾಳ್ಮೆಯ ಕೆಲಸ. ನುರಿತ ಕುಶಲಕರ್ಮಿ ಮೊದಲು ಎಂಜಿನ್ನಿನ ಆರೋಗ್ಯವನ್ನು ಪರೀಕ್ಷಿಸುತ್ತಾನೆ. ಬ್ಯಾಟರಿ ದುರ್ಬಲವಾಗಿದ್ದರೆ, ಪ್ಲಗ್ಗುಗಳಿಗೆ ಮಸಿ ಹಿಡಿದಿದ್ದರೆ, ಡಿಸ್ಟ್ರಿಬ್ಯೂಟರಿನ ದಂಡವೇ ಸಡಿಲವಾಗಿ ಅಲುಗುತ್ತಿದ್ದರೆ ಹೊಸ ಸಾಧನದಿಂದ ಫಲವಿಲ್ಲ. ಆಮೇಲೆ ಆತ ಬ್ಯಾಟರಿಯ ಸಂಪರ್ಕವನ್ನು ತೆಗೆಯುತ್ತಾನೆ. ಮೊದಲನೆಯ ಸಿಲಿಂಡರಿನ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದ ಮೇಲೆ ಹೆಬ್ಬೆರಳನ್ನಿಟ್ಟು ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತಾನೆ. ಗಾಳಿ ಬೆರಳನ್ನು ಹೊರದೂಡತೊಡಗಿದರೆ ಪಿಸ್ಟನ್ ಮಿಶ್ರಣವನ್ನು ಒತ್ತುವ ನಡೆಯಲ್ಲಿದೆಯೆಂದು ಅರ್ಥ. ರಾಟೆಯ ಮೇಲಿನ ಗೆರೆ ಎಂಜಿನ್ನಿನ ಗುರುತಿಗೆ ಸರಿಹೊಂದುವವರೆಗೆ ತಿರುಗಿಸಿ ನಿಲ್ಲಿಸುತ್ತಾನೆ. ಆಗ ರೋಟರ್ ಮುಖಮಾಡಿದ ದಿಕ್ಕನ್ನು ಬಟ್ಟಲಿನ ಅಂಚಿನಲ್ಲಿ ಗುರುತಿಸಿಕೊಳ್ಳುತ್ತಾನೆ. ಪ್ರತಿ ಪ್ಲಗ್ಗಿನ ತಂತಿಗೂ ಸಂಖ್ಯೆಯ ಚೀಟಿ ಕಟ್ಟುತ್ತಾನೆ. ಬಿಚ್ಚುವ ಮೊದಲು ಗುರುತು ಮಾಡಿಕೊಂಡವನು ಮರಳಿ ಜೋಡಿಸುವಾಗ ಕಂಗೆಡುವುದಿಲ್ಲ.

ಬಳಿಕ ಪಾಯಿಂಟು ಮತ್ತು ಕಂಡೆನ್ಸರುಗಳನ್ನು ತೆಗೆದು, ಆ ಜಾಗದಲ್ಲಿ ಸಂವೇದಕವನ್ನೂ ದಂಡದ ಮೇಲೆ ಕಾಂತದ ಉಂಗುರವನ್ನೂ ಕೂರಿಸುತ್ತಾನೆ. ಎರಡರ ನಡುವಣ ಅಂತರ ತಯಾರಕರು ಹೇಳಿದಷ್ಟೇ ಇರಬೇಕು. ಸಂವೇದಕದ ಒಂದು ತಂತಿ ಕಾಯಿಲಿನ ಋಣ ತುದಿಗೆ ಸೇರಬೇಕು. ಇನ್ನೊಂದು, ಬೀಗದ ಕೈ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ಧನ ತುದಿಗೆ ಸೇರಬೇಕು. ಇವು ಅದಲುಬದಲಾದರೆ ಸಾಧನ ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು. ಕೆಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಕಾರಿನ ಮೈಗೆ ಜೋಡಿಸುವ ಪದ್ಧತಿಯಿತ್ತು. ಅಂತಹ ಕಾರಿಗೆ ಅದಕ್ಕೆಂದೇ ತಯಾರಾದ ಸಾಧನ ಬೇಕು.

ವಿಜ್ಞಾನದ ತರಗತಿಯಲ್ಲಿ ಕಲಿಯುವ ಓಮನ ನಿಯಮ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಕಾಯಿಲಿನ ರೋಧ ೩ ಓಮ್ ಇದ್ದರೆ ೧೨ ವೋಲ್ಟ್ ಬ್ಯಾಟರಿಯಿಂದ ಹೆಚ್ಚೆಂದರೆ ೪ ಆಂಪಿಯರ್ ಹರಿಯುತ್ತದೆ, ರೋಧ ೧.೫ ಓಮ್ ಆದರೆ ೮ ಆಂಪಿಯರ್ ಹರಿಯಬಲ್ಲುದು. ನಾಲ್ಕು ಆಂಪಿಯರಿಗೆಂದು ಮಾಡಿದ ಸಾಧನಕ್ಕೆ ಎಂಟು ಆಂಪಿಯರ್ ಹರಿಸಿದರೆ ಅದು ತಡೆದುಕೊಳ್ಳಲಾರದು. ಕೆಲವು ಕಾರುಗಳಲ್ಲಿ ಕಾಯಿಲಿಗೆ ಹೋಗುವ ದಾರಿಯಲ್ಲಿ ರೋಧಕ ತಂತಿಯೊಂದಿದ್ದು, ಅದು ವೋಲ್ಟೇಜನ್ನು ತಗ್ಗಿಸುತ್ತದೆ. ಹೊಸ ಸಾಧನಕ್ಕೆ ಪೂರ್ಣ ೧೨ ವೋಲ್ಟ್ ಬೇಕಿದ್ದರೆ ಅದಕ್ಕೆ ಪ್ರತ್ಯೇಕ ತಂತಿಯನ್ನು ಎಳೆಯಬೇಕು. ಎಂಜಿನ್ ಓಡದೆ ಇರುವಾಗ ಬೀಗದ ಕೈಯನ್ನು ತಿರುಗಿಸಿದ ಸ್ಥಿತಿಯಲ್ಲಿ ಬಹಳ ಹೊತ್ತು ಬಿಡುವುದೂ ಕಾಯಿಲನ್ನೂ ಸಾಧನವನ್ನೂ ಕಾಯಿಸಿ ಕೆಡಿಸುತ್ತದೆ. ಹೀಗೆ, ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದ ಸೂತ್ರವನ್ನು ಅಲಕ್ಷಿಸಿದವನು ಕಾರ್ಯಾಗಾರದಲ್ಲಿ ಅದರ ಬೆಲೆಯನ್ನು ತೆರಬೇಕಾಗುತ್ತದೆ.

ಜೋಡಣೆ ಮುಗಿದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಉಳಿದಿರುತ್ತದೆ. ಅದೇ ಕಾಲವನ್ನು ಹೊಂದಿಸುವುದು. ಇದಕ್ಕೆ ಟೈಮಿಂಗ್ ಲೈಟ್ ಎಂಬ ದೀಪವನ್ನು ಬಳಸುತ್ತಾರೆ. ಅದನ್ನು ಮೊದಲನೆಯ ಪ್ಲಗ್ಗಿನ ತಂತಿಗೆ ಸಿಕ್ಕಿಸಿದರೆ, ಆ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ದೀಪವೂ ಮಿನುಗುತ್ತದೆ. ಆ ಬೆಳಕಿನಲ್ಲಿ, ರಭಸದಿಂದ ತಿರುಗುತ್ತಿರುವ ರಾಟೆಯ ಮೇಲಿನ ಸುಣ್ಣದ ಗೆರೆಯು ನಿಂತಲ್ಲಿಯೇ ನಿಂತಂತೆ ಕಾಣುತ್ತದೆ. ಗೆರೆ ಇರಬೇಕಾದಲ್ಲಿ ಇರದಿದ್ದರೆ ಡಿಸ್ಟ್ರಿಬ್ಯೂಟರಿನ ಬಟ್ಟಲನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಸರಿಪಡಿಸುತ್ತಾರೆ. ಕಿಡಿ ಅತಿ ಮುಂಚಿತವಾದರೆ ಎಂಜಿನ್ನಿನಲ್ಲಿ ಟಕಟಕ ಬಡಿದಂತೆ ಸದ್ದು ಕೇಳಿಸುತ್ತದೆ. ಅದನ್ನು ಅಲಕ್ಷಿಸಿದರೆ ಪಿಸ್ಟನ್ನೇ ಸೀಳಬಹುದು. ಅತಿ ತಡವಾದರೆ ಎಂಜಿನ್ ಕಾದು, ಬಲ ಕುಂದಿ, ಪೆಟ್ರೋಲ್ ವ್ಯರ್ಥವಾಗುತ್ತದೆ.

ಈ ಕೆಲಸದಲ್ಲಿ ಎಚ್ಚರಿಕೆ ಅತ್ಯಗತ್ಯ. ಓಡುತ್ತಿರುವ ಎಂಜಿನ್ನಿನ ಕಿಡಿಯ ತಂತಿಗಳನ್ನು ಬರಿಗೈಯಿಂದ ಮುಟ್ಟಬಾರದು. ಹೃದಯಕ್ಕೆ ವಿದ್ಯುತ್ ಸಾಧನವನ್ನು ಅಳವಡಿಸಿಕೊಂಡವರು ಅದರಿಂದ ದೂರವಿರಬೇಕು. ಸಡಿಲವಾದ ತೋಳು, ಸೆರಗು, ಜಡೆ ಇವು ತಿರುಗುವ ಫ್ಯಾನಿಗೆ ಸಿಕ್ಕಿದರೆ ಪ್ರಾಣಾಪಾಯ ತಪ್ಪಿದ್ದಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಅನಿಲ ತುಂಬಿಕೊಂಡು, ಅರಿವಾಗುವ ಮೊದಲೇ ಮನುಷ್ಯನನ್ನು ಕೊಲ್ಲಬಹುದು. ವಿದ್ಯಾರ್ಥಿಗಳು ಇದನ್ನು ಬಲ್ಲವರ ಬಳಿ ನಿಂತು ನೋಡಿ ಕಲಿಯಬೇಕೇ ಹೊರತು ಏಕಾಂಗಿಯಾಗಿ ಸಾಹಸಕ್ಕಿಳಿಯಬಾರದು.

ಇಷ್ಟೆಲ್ಲ ಮಾಡಿದ ಮೇಲೆ ದೊರೆಯುವ ಫಲವೇನು? ‘ಈ ಸಾಧನವನ್ನು ಹಾಕಿಸಿದರೆ ಕಾರಿನ ಬಲ ಇಮ್ಮಡಿಯಾಗುತ್ತದೆ’ ಎಂಬಂತಹ ಮಾತುಗಳನ್ನು ನಂಬಬಾರದು. ಶಕ್ತಿಯಿರುವುದು ಪೆಟ್ರೋಲು ಮತ್ತು ಗಾಳಿಯ ಮಿಶ್ರಣದಲ್ಲಿ. ಕಿಡಿ ಅದನ್ನು ಬಿಡುಗಡೆ ಮಾಡುತ್ತದೆಯೇ ಹೊರತು ಹೊಸದಾಗಿ ಸೃಷ್ಟಿಸುವುದಿಲ್ಲ. ಆಗಲೇ ಸರಿಯಾಗಿ ಹೊತ್ತಿಕೊಳ್ಳುತ್ತಿರುವ ಮಿಶ್ರಣಕ್ಕೆ ಇನ್ನೂ ದೊಡ್ಡ ಕಿಡಿ ಕೊಟ್ಟರೆ ಲಾಭ ಅತ್ಯಲ್ಪ. ಪಂದ್ಯದ ಎಂಜಿನ್ನುಗಳ ಮಾತು ಬೇರೆ. ಅವುಗಳಲ್ಲಿ ಮಿಶ್ರಣದ ಒತ್ತಡ ಅತಿ ಹೆಚ್ಚು. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕು. ಆದುದರಿಂದ ಅಲ್ಲಿ ಬಲಿಷ್ಠ ಸಾಧನಕ್ಕೆ ಅರ್ಥವಿದೆ. ಸಾಮಾನ್ಯ ಕಾರಿನ ಒಡೆಯನಿಗೆ ಸಿಗುವ ಲಾಭವೆಂದರೆ ಚಳಿಯ ಬೆಳಗಿನಲ್ಲಿಯೂ ಸುಲಭವಾಗಿ ಚಾಲನೆಗೊಳ್ಳುವ, ತಿಂಗಳುಗಳು ಕಳೆದರೂ ಕಾಲ ತಪ್ಪದ ಎಂಜಿನ್. ಇದೇನೂ ಕಡಿಮೆಯಲ್ಲ.

ಆದರೆ ಪಡೆದುದರೊಡನೆ ಕಳೆದುಕೊಂಡುದೂ ಒಂದುಂಟು. ಹಳೆಯ ಪಾಯಿಂಟು ಕೆಟ್ಟರೆ ಚಾಲಕ ದಾರಿಯ ಬದಿಯಲ್ಲಿ ನಿಂತು, ಮರಳುಕಾಗದದಿಂದ ಉಜ್ಜಿ, ಅಂತರವನ್ನು ಹೊಂದಿಸಿ ಹೇಗೋ ಊರು ಸೇರಬಹುದಾಗಿತ್ತು. ಮುಚ್ಚಿದ ಡಬ್ಬಿಯೊಳಗಿನ ಎಲೆಕ್ಟ್ರಾನಿಕ್ ಸಾಧನ ಕೆಟ್ಟರೆ ಅದನ್ನು ದಾರಿಯಲ್ಲಿ ದುರಸ್ತಿ ಮಾಡುವಂತಿಲ್ಲ, ಬದಲಿಸಲೇಬೇಕು. ಅದಕ್ಕಾಗಿಯೇ ಹಳೆಯ ಕಾರುಗಳನ್ನು ಬಲ್ಲವರು, ಹೊಸ ಸಾಧನವನ್ನು ಜೋಡಿಸಿದ ಮೇಲೂ ಹಳೆಯ ಪಾಯಿಂಟು ಮತ್ತು ಕಂಡೆನ್ಸರುಗಳನ್ನು ಎಸೆಯದೆ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡಿರುತ್ತಾರೆ. ಹೊಸದನ್ನು ಸ್ವೀಕರಿಸುವುದು ಜಾಣತನ. ಹಳೆಯದರ ಉಪಯೋಗವನ್ನು ಮರೆಯದಿರುವುದು ವಿವೇಕ.

ಇಂದಿನ ಹೊಸ ಪೆಟ್ರೋಲ್ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೂ ಕಣ್ಮರೆಯಾಗಿದೆ. ಎಂಜಿನ್ನಿನ ವೇಗ, ಶಾಖ, ಹೊರೆಗಳನ್ನೆಲ್ಲ ಗಮನಿಸಿ ಪುಟ್ಟ ಗಣಕಯಂತ್ರವೊಂದು ಪ್ರತಿಯೊಂದು ಕಿಡಿಯ ಕ್ಷಣವನ್ನೂ ನಿರ್ಧರಿಸುತ್ತದೆ. ಬ್ಯಾಟರಿಯಿಂದಲೇ ಓಡುವ ವಾಹನಗಳಿಗಂತೂ ಕಿಡಿಯೇ ಬೇಡ. ಮುಂದೊಂದು ದಿನ ಕಿಡಿಯ ಈ ಕಥೆ ಚರಿತ್ರೆಯ ಪುಟಗಳಲ್ಲಿ ಮಾತ್ರ ಉಳಿಯಬಹುದು. ಆದರೂ ತವರಿನ ದಾರಿಯಲ್ಲಿ ಸವೆದ ತಂತಿಯನ್ನು ಕಂಡು ಕೈಕಟ್ಟಿ ಕುಳಿತುಕೊಳ್ಳದ ಬರ್ತಾ ಬೆಂಝಳ ನೆನಪು ಮಾಸುವಂತಹುದಲ್ಲ. ಯಂತ್ರ ಯಾವುದೇ ಇರಲಿ, ಅದರ ಒಳಗುಟ್ಟನ್ನು ಅರಿತವನಿಗೆ ಅದು ಸೇವಕ. ಅರಿಯದವನು ಅದು ನಿಂತಲ್ಲಿಯೇ ನಿಲ್ಲಬೇಕಾಗುತ್ತದೆ.